ರಬಾಳೆಯಲ್ಲಿ ನನ್ನ ರಕ್ತ ನಿಂತ ಮಳೆಗಾಲ

ಕಳೆದ ತಿಂಗಳು ವಾಶಿಯಲ್ಲಿ ನಾದಿನಿಯ ಮನೆಯ ಸತ್ಯನಾರಾಯಣ ಪೂಜೆಗೆಂದು ಥಾಣೆಯಲ್ಲಿ ಗಾಡಿ ಹತ್ತಿದೆ. ಕಿಟಕಿ ಬದಿ ಸಿಕ್ಕಿತು. ಈ ವಯಸ್ಸಿನಲ್ಲಿ ಕಿಟಕಿ ಬದಿ ಸಿಕ್ಕಿದರೂ ದೇವರ ದಯೆ ಎಂದು ಲೆಕ್ಕಕ್ಕೆ ಹಿಡಿಯುವವಳು ನಾನು. ಐರೋಲಿ ದಾಟಿ ರಬಾಳೆಯಲ್ಲಿ ಗಾಡಿ ನಿಂತಾಗ ಮಳೆ ಜೋರಾಯಿತು, ಬಾಗಿಲಿನಿಂದ ಆ ವಾಸನೆ ಒಳಗೆ ಬಂತು. ಕಾರ್ಖಾನೆಗಳ ಘಾಟು, ಒದ್ದೆ ಮಣ್ಣು, ಸ್ಟೇಷನ್ನಿನ ಹೊರಗೆ ವಡೆ ಕರಿಯುವ ಎಣ್ಣೆ, ಮೂರೂ ಕಲಸಿದ ವಾಸನೆ. ನನ್ನ ಎಡಗೈಯ ಮೊಣಕೈ ಸಂದು ತಾನಾಗಿ ಚುರುಕ್ ಎಂದಿತು. ನಾನು ಮರೆತಿದ್ದರೂ ಕೈ ಮರೆತಿರಲಿಲ್ಲ. ಒಂದು ಇಡೀ ಮಳೆಗಾಲ ವಾರಕ್ಕೊಮ್ಮೆ ಆ ಸ್ಟೇಷನ್ನಿನಲ್ಲಿ ಇಳಿದು, ಆ ಸಂದಿಗೆ ಸೂಜಿ ಚುಚ್ಚಿಸಿಕೊಂಡು ಬಂದವಳು ನಾನು.

ಥಾಣೆಯಿಂದ ವಾಶಿಗೆ ಲೋಕಲ್ ಶುರುವಾಗಿ ಏಳೆಂಟು ವರ್ಷ ಆಗಿದ್ದ ಕಾಲ ಅದು. ನಾವು ಆಗಲೂ ವರ್ತಕ ನಗರದ ಇದೇ ಮನೆಯಲ್ಲಿ. ಎರಡು ಕೋಣೆ, ಅಡುಗೆಮನೆಯ ಮೂಲೆಯಲ್ಲಿ ದೇವರು, ಗ್ರಿಲ್ಲಿನಲ್ಲಿ ತುಳಸಿ. ಇವರು ನೌಪಾಡಾದ ಒಂದು ವೆಜ್ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಉಡುಪಿಯಿಂದ ಬಂದ ಮೇಲೆ ಅದೇ ಹೋಟೆಲು, ಅದೇ ಕುರ್ಚಿ. ಬೆಳಿಗ್ಗೆ ಬಿಸಿ ಇಡ್ಲಿ, ಸಂಜೆ ಗ್ರಾಹಕರು ಒತ್ತಾಯ ಮಾಡಿದ ಸಿಹಿ, ಹೀಗೆ ಮೈಗೆ ಸಕ್ಕರೆ ಕಾಯಿಲೆಯನ್ನೂ ಸೇರಿಸಿಕೊಂಡಿದ್ದರು. ನಮ್ಮ ಅತ್ತೆ ಜೊತೆಗಿದ್ದರು. ಮಗಳು ರಶ್ಮಿ ಒಬ್ಬಳೇ. ಮನೆಯಲ್ಲಿ ನಾವು ಆಡುವುದು ತುಳು. ರಶ್ಮಿ ಅದಕ್ಕೆ ಅರ್ಧ ಹಿಂದಿ, ಅರ್ಧ ಮರಾಠಿ ಸೇರಿಸಿ ಉತ್ತರ ಕೊಡುವವಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ರಶ್ಮಿ ಎಂಜಿನಿಯರಿಂಗ್ ಮುಗಿಸಿ ಪಿಎಚ್.ಡಿ.ಗೆ ಸೇರಿ ಎರಡು ವರ್ಷವಾಗಿತ್ತು. ಅವಳ ಲ್ಯಾಬು ರಬಾಳೆಯ ಕಾರ್ಖಾನೆಗಳ ನಡುವೆ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ. ಅಲ್ಲಿ ಅವಳು ಏನು ಮಾಡುತ್ತಾಳೆಂದು ನೆಂಟರು ಕೇಳಿದರೆ ನಾನು ಮೊದಮೊದಲು "ರಕ್ತದ ಮೇಲೆ ಏನೋ ಓದು" ಎಂದು ಮುಗಿಸುತ್ತಿದ್ದೆ. ಒಂದು ದಿನ ನಾನು ಅಕ್ಕಿ-ಬೆಲ್ಲದ ಹಾಲುಬಾಯಿ ಮಗುಚಿ ತಟ್ಟೆಗೆ ಸುರಿಯುತ್ತಿದ್ದಾಗ ಅವಳೇ ಹೇಳಿದಳು.

"ಅಮ್ಮ, ನಾನು ಅಲ್ಲಿ ಮಾಡುವುದೂ ಇದೇ. ರಬ್ಬರಿನಂಥ ಪಾರದರ್ಶಕ ಪಾಕ. ಅದನ್ನು ಅಚ್ಚಿನ ಮೇಲೆ ಸುರಿದು, ಗುಳ್ಳೆ ತೆಗೆದು, ಒಲೆಯಲ್ಲಿ ಇಟ್ಟು ಗಟ್ಟಿ ಮಾಡುತ್ತೇನೆ. ಎಬ್ಬಿಸಿದರೆ ಅಡಿಯಲ್ಲಿ ಸಣ್ಣ ಸಣ್ಣ ಕಾಲುವೆಗಳು ಮೂಡಿರುತ್ತವೆ. ಅದನ್ನು ಗಾಜಿಗೆ ಅಂಟಿಸಿದರೆ ಡಿವೈಸ್ ರೆಡಿ."

"ಎಷ್ಟು ಸಣ್ಣ ಕಾಲುವೆ?"

"ನಿನ್ನ ತಲೆಕೂದಲು ಅದರ ಬಾಯಿಗೂ ಹಿಡಿಸುವುದಿಲ್ಲ."

ಕೆಂಪು ರಕ್ತಕಣ ಆ ಕಾಲುವೆಗಿಂತ ಅಗಲವಂತೆ. ಆದರೂ ಆರೋಗ್ಯದ ಕಣ ಮೈ ಮಡಚಿ ಒಳಗೆ ನುಗ್ಗಿ, ಆಚೆ ಹೊರಬಿದ್ದು, ಮತ್ತೆ ಮೊದಲಿನ ಹಾಗೆ ಅಗಲವಾಗುತ್ತದಂತೆ. ನಮ್ಮ ಮೈಯೊಳಗಿನ ಅತಿ ಸಣ್ಣ ರಕ್ತನಾಳಗಳಲ್ಲೂ ಅದು ಹಾಗೆಯೇ ಓಡಾಡುವುದು. ಕೆಲವು ಕಾಯಿಲೆಗಳಲ್ಲಿ ಕಣ ಬಿರುಸಾಗಿ ಬಳುಕು ಕಳೆದುಕೊಳ್ಳುತ್ತದೆ. ಒಂದೊಂದು ಕಣ ಕಾಲುವೆ ದಾಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಕ್ಯಾಮೆರಾ ಹಿಡಿದು ಅಳೆಯುವುದೇ ರಶ್ಮಿಯ ಕೆಲಸ. ಹಾಗೆ ಅಳೆದರೆ ಮುಂದೊಂದು ದಿನ ಒಂದು ಹನಿ ರಕ್ತದಲ್ಲಿ ಕಾಯಿಲೆಯ ಸುಳಿವು ಹಿಡಿಯಬಹುದು ಎಂಬುದು ಅವಳ ಆಸೆ.

ನಾನು ಹಾಲುಬಾಯಿ ತುಂಡು ಮಾಡುತ್ತಾ ಕೇಳಿದೆ, "ನಿನ್ನ ಡಿವೈಸು ಅಳೆದದ್ದು ಸರಿ ಅಂತ ಯಾರು ಹೇಳುವುದು?"

"ಅದೇ ಈಗ ತಲೆನೋವು" ಎಂದಳು.

ತಕ್ಕಡಿ ಸರಿಯಿದೆಯೋ ಎಂದು ನೋಡಲು ತೂಕ ಗೊತ್ತಿರುವ ಕಲ್ಲು ಬೇಕು. ಅವಳಿಗೂ ಹಾಗೆ ಆರೋಗ್ಯವಾಗಿರುವ ಒಬ್ಬರ ರಕ್ತ ವಾರವಾರ ಬೇಕಿತ್ತು, ಪ್ರತಿ ಸಲವೂ ಅದೇ ಒಬ್ಬರದು. ಕೊಡುತ್ತಿದ್ದ ಸಹಪಾಠಿ ನಾಗಪುರಕ್ಕೆ ಹೋಗಿಬಿಟ್ಟಿದ್ದ. ನನಗೆ ಬಿಪಿ ಇಲ್ಲ, ಶುಗರ್ ಇಲ್ಲ, ಮಧ್ಯಾಹ್ನದ ಹೊತ್ತು ನನ್ನದೇ. ನಾನು ಬರುತ್ತೇನೆಂದೆ. ಅವರ ಪಕ್ಕದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಹಿಮೋಗ್ಲೋಬಿನ್ ಪರವಾಗಿಲ್ಲ, ನಡೆಯುತ್ತದೆ ಎಂದರು. ಹೀಗೆ ನಾನು ಮಗಳ ತಕ್ಕಡಿಗೆ ತೂಕದ ಕಲ್ಲಾದೆ.

ಅತ್ತೆಗೆ ಹೇಳಿದಾಗ ಅವರು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಮಗಳು ಓದುವುದಕ್ಕೆ ಫೀಸು ಕೊಡುವುದು ನೋಡಿದ್ದೆ. ರಕ್ತ ಕೊಡುವುದು ಈಗ ನೋಡಿದೆ" ಎಂದರು. ಆಮೇಲೆ, "ಬಂದವಳು ನೇರ ಬಚ್ಚಲಿಗೆ. ಸ್ನಾನ ಆಗದೆ ಅಡುಗೆಮನೆಗೆ ಕಾಲಿಡಬೇಡ."

ಆ ಕರಾರಿಗೆ ನಾನು ಒಪ್ಪಿದೆ. ಮಳೆಯಲ್ಲಿ ನೆನೆದು ಬಂದವಳಿಗೆ ಬಿಸಿನೀರಿನ ಸ್ನಾನ ಸಿಕ್ಕುವುದು ಶಿಕ್ಷೆಯೇನಲ್ಲ.

ಅಂತೂ ಪ್ರತಿ ಮಂಗಳವಾರ ಅಡುಗೆ ಮುಗಿಸಿ, ಅತ್ತೆಗೆ ಬಡಿಸಿ, ಬಸ್ಸು ಹಿಡಿದು ಥಾಣೆ ಸ್ಟೇಷನ್ನು, ಅಲ್ಲಿಂದ ಗಾಡಿ, ರಬಾಳೆಯಲ್ಲಿ ಶೇರ್ ರಿಕ್ಷಾ. ಆ ವರ್ಷ ಮಳೆ ಮೊದಲ ದಿನದಿಂದಲೇ ಹಟ ಹಿಡಿದಿತ್ತು. ರಿಕ್ಷಾದ ಪರದೆ ಮುಖಕ್ಕೆ ಹೊಡೆಯುತ್ತಿತ್ತು, ಲಾರಿಗಳು ಸೀರೆಯ ನೆರಿಗೆಯವರೆಗೆ ಕೆಸರು ಹಾರಿಸುತ್ತಿದ್ದವು. ಆದರೆ ರಕ್ತ ತೆಗೆಯುವ ಸಿಸ್ಟರಿನ ಕೈ ಹೂವಿನಷ್ಟು ಹಗುರ. ಒಮ್ಮೆಯೂ ಎರಡನೆಯ ಸಲ ಚುಚ್ಚಲಿಲ್ಲ. ಅದನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಮೂರನೆಯ ವಾರವೋ ನಾಲ್ಕನೆಯದೋ, ರಶ್ಮಿ ನನಗೆ ಪರದೆಯ ಮೇಲೆ ನನ್ನ ರಕ್ತವನ್ನು ತೋರಿಸಿದಳು. ಕೆಂಪಗಿರುತ್ತದೆಂದುಕೊಂಡಿದ್ದೆ. ಬೂದು ಬಣ್ಣ. ಮಬ್ಬು ನೀರಿನಲ್ಲಿ ಸಣ್ಣ ಸಣ್ಣ ಬಿಲ್ಲೆಗಳು ತೇಲುತ್ತಾ ಕಾಲುವೆಯ ಬಾಯಿಗೆ ಬಂದವು. ಬಂದು ನಿಂತವು. ಒಂದು ನುಗ್ಗಲು ನೋಡಿತು, ಆಗಲಿಲ್ಲ, ಅಲ್ಲೇ ತಡವರಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಿನ ಹಾಗೆ ಜನಜಂಗುಳಿ.

"ಇದು ಸರಿಯಾ?" ಎಂದೆ.

ರಶ್ಮಿ ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. ಅವಳ ಮೇಡಂ, ಅವಳಿಗೆ ಮಾರ್ಗದರ್ಶನ ಮಾಡುವ ಮರಾಠಿ ಹೆಂಗಸು, ಹಿಂದಿನಿಂದ ನೋಡುತ್ತಿದ್ದವರು ಹೇಳಿದರು; ನನ್ನನ್ನು ಅವರು ಕರೆಯುತ್ತಿದ್ದದ್ದು ಕಾಕೂ, ಚಿಕ್ಕಮ್ಮ ಎಂದು. "ಇಲ್ಲ ಕಾಕೂ. ಆರೋಗ್ಯದ ರಕ್ತ ಇಷ್ಟು ಹೊತ್ತು ನಿಲ್ಲಬಾರದು. ಡಿವೈಸಿನಲ್ಲಿ ಏನೋ ತಪ್ಪಿದೆ."

ಅಲ್ಲಿಂದ ಶುರುವಾಯಿತು. ರಶ್ಮಿ ಹೊಸ ಡಿವೈಸು ಮಾಡಿದಳು. ನನ್ನ ರಕ್ತ ನಿಂತಿತು. ಅಚ್ಚನ್ನೇ ಬದಲಿಸಿದಳು. ನಿಂತಿತು. ದೂಳು ಸೇರಿರಬಹುದೆಂದು ಬಟ್ಟೆಯ ಮೇಲೆ ಬಟ್ಟೆ ಹಾಕಿ, ತಲೆಗೆ ಟೊಪ್ಪಿ ಹಾಕಿ ಮತ್ತೆ ಮಾಡಿದಳು. ನನ್ನ ಕಣಗಳಿಗೆ ಯಾವ ಮರ್ಯಾದೆಯೂ ಇಲ್ಲ, ಬಾಯಿಗೆ ಬಂದು ನಿಂತೇ ನಿಂತವು. ಮೊದಲಿನ ಸಹಪಾಠಿಯ ರಕ್ತ ಸರಿಯಾಗಿ ಹೋಗುತ್ತಿತ್ತಲ್ಲ ಎಂದರೆ, ಆಗ ಇದ್ದದ್ದು ಹಳೆಯ ಅಚ್ಚು, ಅಗಲ ಕಾಲುವೆ. ಹೋಲಿಸುವ ಹಾಗಿಲ್ಲ.

ಮೇಡಂ ಕೆಟ್ಟವರಲ್ಲ. ಆದರೆ ಅವರ ಮೇಲೂ ಕಮಿಟಿಯವರಿದ್ದಾರೆ. ಒಂದು ಮಂಗಳವಾರ ನನ್ನೆದುರೇ ರಶ್ಮಿಗೆ ಹೇಳಿದರು: "ಗಣಪತಿ ಹಬ್ಬದೊಳಗೆ ಈ ಡಿವೈಸನ್ನು ನಂಬಬಹುದು ಅಂತ ತೋರಿಸು. ಇಲ್ಲದಿದ್ದರೆ ಕಮಿಟಿ ವಿಷಯ ಬದಲಿಸಲು ಹೇಳುತ್ತದೆ. ನಾನು ತಡೆಯಲಾರೆ."

ವಿಷಯ ಬದಲಿಸುವುದೆಂದರೆ ಎರಡು ವರ್ಷದ ಕೆಲಸ ತೊಳೆದುಹೋದ ಹಾಗೆ. ಬರುವಾಗ ಗಾಡಿಯಲ್ಲಿ ರಶ್ಮಿ ಬಾಗಿಲ ಕಂಬ ಹಿಡಿದು ಹೊರಗೆ ನೋಡುತ್ತಾ ನಿಂತಿದ್ದಳು. ಮಳೆ ಅವಳ ಮುಖಕ್ಕೆ ಹೊಡೆಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮನೆಗೆ ಬಂದು ಎರಡು ತುತ್ತು ಉಂಡು ತಟ್ಟೆ ಸರಿಸಿದಳು. ಇವರು ಕೇಳಿದರು, "ಬಿಟ್ಟರೆ ಏನಾಗುತ್ತದೆ ಮಗಾ? ಬೇರೆ ವಿಷಯ ತಗೋ."

"ಡಿವೈಸ್ ಸರಿ ಇದೆ ಅಪ್ಪ. ನನಗೆ ಗೊತ್ತು. ತೋರಿಸಲಿಕ್ಕೆ ಆಗುತ್ತಾ ಇಲ್ಲ, ಅಷ್ಟೇ."

ಅವಳು ಹಾಗೆ ಹೇಳಿದ ರೀತಿ ನನ್ನ ಮನಸ್ಸಿನಲ್ಲಿ ಕೂತಿತು. ಇವಳು ಬಿಡುವವಳಲ್ಲ, ನಾನೂ ಬಿಡಬಾರದು ಎಂದುಕೊಂಡೆ.

ಮುಂದಿನ ವಾರ ಮೇಡಂ ಒಂದೊಂದಾಗಿ ಎಲ್ಲ ಕಾರಣ ತೆಗೆದು ನೋಡುತ್ತಿದ್ದರು. ಸೂಜಿ, ಟ್ಯೂಬು, ಹವೆಯ ತಂಪು. ಕೊನೆಗೆ ನನ್ನ ಕಡೆ ತಿರುಗಿದರು. "ಕಾಕೂ, ಬೆಳಿಗ್ಗೆ ಏನು ತಿಂದಿರಿ?"

"ಮಂಗಳವಾರ ಒಪ್ಪತ್ತು. ರಾತ್ರಿ ಮಾತ್ರ ಊಟ."

"ನಿನ್ನೆ?"

"ಸೋಮವಾರ. ಹಾಲು, ಹಣ್ಣು."

"ಶನಿವಾರ?"

"ಅದೂ ಒಪ್ಪತ್ತೇ. ಏಕಾದಶಿಗೆ ನೀರೂ ಇಲ್ಲ."

ಮೇಡಂ ರಶ್ಮಿಯನ್ನು ನೋಡಿದರು. "ನಿನ್ನ ಅಮ್ಮ ವಾರದಲ್ಲಿ ಉಣ್ಣುವ ದಿನ ಯಾವುದು?"

ರಶ್ಮಿಗೆ ಅಷ್ಟು ದಿನದ ಮೇಲೆ ನಗು ಬಂತು. ಆದರೆ ಮೇಡಂ ನಗಲಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ಕಣವೂ ಒಣಗಿ ಬಿರುಸಾಗಬಹುದು ಎಂದರು. ರಕ್ತವನ್ನು ಉಪ್ಪುನೀರಿನಲ್ಲಿ ತೊಳೆದೇ ಅಳೆಯುತ್ತೇವಲ್ಲ, ಉಪವಾಸ ಅಲ್ಲಿಯವರೆಗೆ ಬರಲಿಕ್ಕಿಲ್ಲ ಎಂದು ರಶ್ಮಿ ವಾದ ಮಾಡಿದಳು. "ಬರಲಿಕ್ಕಿಲ್ಲ ಅಂತ ನೀನು ಹೇಳಿದರೆ ಕಮಿಟಿ ಒಪ್ಪುವುದಿಲ್ಲ. ನೋಡಿ ಹೇಳಬೇಕು. ಕಾಕೂ, ಎರಡು ವಾರ ಯಾವ ಉಪವಾಸವೂ ಬೇಡ. ಹೊಟ್ಟೆ ತುಂಬ ಊಟ, ಬೇಕಾದಷ್ಟು ನೀರು. ಆಗ ನೋಡೋಣ."

ನಾನು ಮನಸ್ಸಿನಲ್ಲೇ ಪಂಚಾಂಗ ತಿರುವಿದೆ. ಎರಡನೆಯ ಮಂಗಳವಾರ ಆಷಾಢದ ಏಕಾದಶಿ.

ತಿಳಿಯದವರಿಗೆ ಹೇಳಬೇಕು. ಏಕಾದಶಿ ತಿಂಗಳಿಗೆ ಎರಡು ಬರುತ್ತವೆ. ಆದರೆ ಆಷಾಢದ ಏಕಾದಶಿಯೆಂದರೆ ದೇವರು ನಿದ್ದೆಗೆ ಹೋಗುವ ದಿನ, ನಾಲ್ಕು ತಿಂಗಳ ವ್ರತ ಶುರುವಾಗುವ ಹೊಸ್ತಿಲು. ನಮ್ಮ ಮನೆಗಳಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಮದುವೆಯಾಗಿ ಬಂದ ಮೇಲೆ ನಾನು ಒಂದೂ ಬಿಟ್ಟವಳಲ್ಲ. ಹಸಿವು ತಡೆಯುವುದು ನನಗೆ ಕಷ್ಟವಲ್ಲ. ಉಣ್ಣುವುದೇ ಕಷ್ಟದ ಕೆಲಸವಾದೀತೆಂದು ಎಂದೂ ಎಣಿಸಿರಲಿಲ್ಲ.

ರಶ್ಮಿಗೂ ದಿನ ಹೊಳೆಯಿತು. ರಿಕ್ಷಾದಲ್ಲಿ ನನ್ನ ಕೈ ಹಿಡಿದುಕೊಂಡಳು. "ಬೇಡ ಅಮ್ಮ. ಛೋಡ್ ದೋ. ಬೇರೆ ಯಾರನ್ನಾದರೂ ನೋಡೋಣ."

"ಬೇರೆಯವರದು ಓಡಿದರೆ, ನನ್ನದು ಯಾಕೆ ನಿಂತಿತು ಅಂತ ಕಮಿಟಿಯವರು ಕೇಳುವುದಿಲ್ಲವಾ?"

ಅವಳು ಹಿಡಿದ ಕೈ ಸಡಿಲಿಸಿದಳು. ಕೇಳುತ್ತಾರೆ. ಇಷ್ಟು ವಾರ ಅಳೆದದ್ದೆಲ್ಲ ಕಣ್ಣೆದುರು ಇದೆ.

"ಹಾಗಾದರೆ ಉಪವಾಸದ್ದು ತಪ್ಪಾ, ಅಲ್ಲವಾ ಅಂತ ನೋಡಿಯೇಬಿಡುವ" ಎಂದೆ.

ಅತ್ತೆಗೆ ಹೇಳುವುದೇ ದೊಡ್ಡದಿತ್ತು. ಅವರು ಎಂಬತ್ತರ ಹತ್ತಿರದಲ್ಲೂ ಏಕಾದಶಿಗೆ ಒಂದು ಹನಿ ನೀರು ಮುಟ್ಟುವವರಲ್ಲ. ನಾನು ಹೇಳುವಷ್ಟೂ ಹೊತ್ತು ಜಪಮಾಲೆಯ ಮೇಲೆ ಕೈ ಓಡುತ್ತಲೇ ಇತ್ತು. ಮುಗಿಸಿದ ಮೇಲೆ ಕೇಳಿದರು:

"ದೇವರಿಗೆ ಹೇಳಿಯಾದರೂ ಹೇಳಿದೆಯಾ?"

"ಹೇಳಿದೆ ಅತ್ತೆ."

"ಏನಂದ?"

"ಏನೂ ಹೇಳಲಿಲ್ಲ."

"ಬೇಡ ಅನ್ನಲಿಲ್ಲ ತಾನೇ? ಹಾಗಾದರೆ ಉಣ್ಣು. ಉಂಡು ಸುಮ್ಮನಿರು, ಅತ್ತುಕೊಂಡು ಉಣ್ಣಬೇಡ. ಆಗ ಎರಡೂ ಕೆಡುತ್ತದೆ."

ಏಕಾದಶಿಯ ಬೆಳಿಗ್ಗೆ ಮನೆಯಲ್ಲಿ ಒಲೆ ಹಚ್ಚಿದವಳು ನಾನೊಬ್ಬಳೇ. ದೇವರ ಮೂಲೆಗೆ ಪರದೆ ಎಳೆದು, ಸಣ್ಣ ಪಾತ್ರೆಯಲ್ಲಿ ಗಂಜಿ ಬೇಯಿಸಿ, ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತೆ. ಮೊದಲ ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ರಬಾಳೆಯ ಪರದೆಯ ಮೇಲೆ ನೋಡಿದ ಕಣದ ಹಾಗೆ ಬಾಯಿಗೆ ಬಂದು ನಿಂತಿತು. ನೀರು ಕುಡಿದು ಇಳಿಸಿದೆ. ಇನ್ನೊಂದು ತುತ್ತು. ಬಟ್ಟಲು ಖಾಲಿಯಾಗುವವರೆಗೆ ಏಳಲಿಲ್ಲ. ಅರ್ಧ ಉಂಡರೆ ಮೇಡಂಗೆ ಅರ್ಧ ಉತ್ತರ ಸಿಕ್ಕೀತು.

ಗಾಡಿಯಲ್ಲಿ ಅಂದು ಎಲ್ಲರ ಬಾಯಲ್ಲೂ ವಿಠ್ಠಲ. ಮರಾಠಿ ಹೆಂಗಸರು ಹಣೆಗೆ ಬುಕ್ಕದ ಕಪ್ಪು ಪುಡಿ ಹಚ್ಚಿಕೊಂಡು, ತುಳಸಿ ಹಿಡಿದು ದೇವಸ್ಥಾನಗಳಿಗೆ ಹೊರಟಿದ್ದರು. ಪಕ್ಕದವಳು ಡಬ್ಬಿ ತೆರೆದು ಸಾಬೂದಾಣೆ ಖಿಚಡಿ ನನ್ನ ಮುಂದೆ ಹಿಡಿದಳು. "ಘ್ಯಾ ಮಾವಶೀ, ಉಪವಾಸಾಚಂ ಆಹೇ." ತಗೊಳ್ಳಿ, ಉಪವಾಸದ್ದೇ ಎಂದಳು. ನನ್ನ ಹೊಟ್ಟೆಯಲ್ಲಿ ಅನ್ನ ಇತ್ತು. ಒಂದು ಚಿಟಿಕೆ ತೆಗೆದು ಕಣ್ಣಿಗೊತ್ತಿಕೊಂಡೆ.

ಆ ದಿನ ಇವರೂ ಹಿಂದೆಯೇ ಬಂದರು. ನನ್ನೊಬ್ಬಳನ್ನೇ ಕಳಿಸಲು ಮನಸ್ಸಾಗದೆ ಹೋಟೆಲಿನಲ್ಲಿ ಅರ್ಧ ದಿನ ರಜೆ ಕೇಳಿ, ಕೊಡೆ ಹಿಡಿದು, ಒಂದು ಡಬ್ಬಿಯಲ್ಲಿ ರಶ್ಮಿಗೆ ಹೋಟೆಲಿನ ಉಪ್ಪಿಟ್ಟು ತಂದಿದ್ದರು. ಸಿಸ್ಟರು ನನ್ನ ರಕ್ತ ತೆಗೆದರು. ರಶ್ಮಿ ಅದನ್ನು ತೊಳೆದು, ತೆಳು ಮಾಡಿ, ಹೊಸದಾಗಿ ಮಾಡಿದ ಡಿವೈಸಿಗೆ ಬಿಟ್ಟಳು. ನಾವೆಲ್ಲ ಪರದೆಯ ಮುಂದೆ ನಿಂತೆವು. ನಾನು ಸೆರಗಿನ ಒಳಗೆ ಕೈ ಜೋಡಿಸಿದ್ದೆ.

ಕಣಗಳು ಬಂದವು. ಕಾಲುವೆಯ ಬಾಯಿಗೆ ಬಂದವು. ನಿಂತವು.

ಎರಡು ವಾರ ಉಂಡು ಕುಡಿದ ರಕ್ತ, ಎಂದಿನ ಹಾಗೆಯೇ ನಿಂತಿತು.

ರಶ್ಮಿ ಕುರ್ಚಿಯಲ್ಲಿ ಕೂತುಬಿಟ್ಟಳು. "ಹಾಗಾದರೆ ಡಿವೈಸೇ ಹಾಳು" ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದು ನಾನು ಕೇಳಿರಲಿಲ್ಲ. ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು. ಹೊರಗೆ ಮಳೆ, ಒಳಗೆ ಪಂಪಿನ ಗುಂಯ್ ಸದ್ದು. ನನಗೆ ಮಾತ್ರ ಒಂದು ವಿಚಿತ್ರ ಸಮಾಧಾನ. ಉಪವಾಸದ್ದು ತಪ್ಪಲ್ಲ. ಇಷ್ಟು ವರ್ಷ ದೇವರಿಗೆಂದು ಇಟ್ಟದ್ದು ಮಗಳ ಕೆಲಸಕ್ಕೆ ಅಡ್ಡ ಬಂದಿಲ್ಲ. ಆದರೆ ಮಗಳ ಮುಖ ನೋಡಿದಾಗ ಆ ಸಮಾಧಾನದಿಂದ ಏನು ಉಪಯೋಗ ಅನಿಸಿತು.

ರಶ್ಮಿ ತಟ್ಟನೆ ಎದ್ದಳು. "ಅಪ್ಪ, ಕೈ ಕೊಡಿ."

ಇವರು ಉಪ್ಪಿಟ್ಟಿನ ಡಬ್ಬಿ ಎದೆಗೆ ಹಿಡಿದುಕೊಂಡರು. "ನನ್ನದಾ? ನನ್ನದು ಶುಗರಿನ ರಕ್ತ ಮಾರಾಯ್ತಿ. ನೊಣ ಮುತ್ತೀತು."

"ಸಕ್ಕರೆ ಕಾಯಿಲೆಯವರ ಕಣ ಬಿರುಸಿರುತ್ತದೆ. ನಿಮ್ಮದು ಅಮ್ಮನದಕ್ಕಿಂತ ಹೆಚ್ಚು ನಿಲ್ಲಬೇಕು. ನಿಲ್ಲಲಿ. ಎಷ್ಟು ನಿಲ್ಲುತ್ತದೆ ನೋಡುತ್ತೇನೆ."

ಮೇಡಂ ಹೂಂ ಎಂದರು. ಇವರು ಸಹಿ ಹಾಕಿದರು, ಸಿಸ್ಟರು ಮತ್ತೊಂದು ಸೂಜಿ ತೆಗೆದರು. ಅದೇ ಡಿವೈಸು, ಅದೇ ಮಧ್ಯಾಹ್ನ, ಅದೇ ಕಾಲುವೆ.

ಇವರ ಕಣಗಳು ಬಂದವು. ಬಾಯಿಯ ಹತ್ತಿರ ಸ್ವಲ್ಪ ನಿಧಾನಿಸಿದವು, ಮೈ ಮಡಚಿದವು, ನುಗ್ಗಿ ಆಚೆ ಹೋದವು. ಒಂದರ ಹಿಂದೆ ಒಂದು, ಸರ್ ಸರ್ ಎಂದು, ಥಾಣೆಯಲ್ಲಿ ಗಾಡಿಯಿಂದ ಇಳಿಯುವ ಜನರ ಹಾಗೆ.

ಮೊದಲು ಬಾಯಿ ಬಿಟ್ಟವರು ಇವರೇ. "ಇವಳು ಬಗ್ಗುವವಳಲ್ಲ ಅಂತ ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಅದಕ್ಕೆ ಇಷ್ಟೆಲ್ಲ ಯಂತ್ರ ಬೇಕಿತ್ತಾ?"

ರಶ್ಮಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ಮೇಡಂ ಮಾತ್ರ ನನ್ನನ್ನು ಕೂರಿಸಿ, ಮೆಲ್ಲಗೆ, ಮಗುವನ್ನು ಕೇಳುವ ಹಾಗೆ ಕೇಳಿದರು. ನಿಮಗೆ ಎಂದಾದರೂ ಕಣ್ಣು ಹಳದಿಯಾಗಿತ್ತಾ? ಪಿತ್ತಕೋಶದಲ್ಲಿ ಕಲ್ಲು?

ಕಲ್ಲು ಆಗಿತ್ತು, ರಶ್ಮಿ ಸಣ್ಣವಳಿದ್ದಾಗ ಪಿತ್ತಕೋಶವನ್ನೇ ತೆಗೆದಿದ್ದರು. ಹಳದಿ ಕಣ್ಣು ನಮ್ಮ ತವರಿನಲ್ಲಿ ಹೊಸದಲ್ಲ. ಅಪ್ಪನಿಗೆ ಇತ್ತು, ಅಣ್ಣನಿಗೆ ಇತ್ತು. ಪ್ರತಿ ಬೇಸಿಗೆಯಲ್ಲಿ ಕಾಮಾಲೆ ಎಂದು ಹಳ್ಳಿ ಮದ್ದು ಕುಡಿಸಿ, ಉಪ್ಪಿಲ್ಲದ ಗಂಜಿ ಹಾಕುತ್ತಿದ್ದರು. ಮದ್ದು ಮುಗಿದ ಮೇಲೂ ಕಣ್ಣಿನ ಮೂಲೆಯಲ್ಲಿ ಒಂದಿಷ್ಟು ಹಳದಿ ಉಳಿದೇ ಇರುತ್ತಿತ್ತು. ಅದು ನಮ್ಮ ಮನೆಯವರ ಬಣ್ಣ ಎಂದೇ ಬಿಟ್ಟಿದ್ದೆವು.

ಪಕ್ಕದ ಆಸ್ಪತ್ರೆಯ ಡಾಕ್ಟರು ನನ್ನ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿ, ಇನ್ನೂ ಕೆಲವು ಪರೀಕ್ಷೆ ಮಾಡಿಸಿ ಖಚಿತ ಮಾಡಿದರು. ಬೇರೆಯವರ ಕಣ ನಡುವೆ ತಗ್ಗಿದ ಬಿಲ್ಲೆಯಂತೆ, ಹಾಗಾಗಿ ಮಡಚಲು ಜಾಗ ಇರುತ್ತದೆ. ನನ್ನ ಕಣಗಳಲ್ಲಿ ಬಹಳಷ್ಟು ತಗ್ಗಿಲ್ಲದೆ ಗೋಲಿಯಂತೆ ದುಂಡಗೆ. ಹುಟ್ಟಿನಿಂದಲೇ ಹಾಗೆ. ಹೆದರುವಂಥದ್ದಲ್ಲ, ಒಂದು ಸಣ್ಣ ಮಾತ್ರೆ, ಆಗಾಗ ಪರೀಕ್ಷೆ, ಇಷ್ಟೇ. ಸದ್ಯ, ಇಷ್ಟೇ. ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು ಎಂದರು. ರಶ್ಮಿಯ ರಕ್ತ ನೋಡಿ ಇಲ್ಲ ಎಂದು ಹೇಳುವವರೆಗೆ ನಾನು ಆ ಬೆಂಚಿನ ಮೇಲೆ ಎಷ್ಟು ನಾಮ ಹೇಳಿದೆನೋ ದೇವರಿಗೇ ಗೊತ್ತು. ಅಣ್ಣನಿಗೂ ಫೋನು ಮಾಡಿದೆ. ಅವನಿಗೆ ಕಾಯಿಲೆಯ ಹೆಸರಿಗಿಂತ, ಇನ್ನು ಉಪ್ಪಿಲ್ಲದ ಗಂಜಿ ಬೇಡ ಎಂದದ್ದು ದೊಡ್ಡ ಸುದ್ದಿ.

ತಕ್ಕಡಿ ಮೊದಲಿನಿಂದಲೂ ಸರಿಯಾಗಿತ್ತು. ಕಲ್ಲೇ ಬೇರೆ ತೂಕದ್ದು.

ಏಕಾದಶಿಯ ಮರುದಿನ, ದ್ವಾದಶಿಯ ಮುಂಜಾನೆ, ಅತ್ತೆ ನನಗಿಂತ ಮೊದಲೇ ಸ್ನಾನ ಮುಗಿಸಿ ದೇವರ ಮುಂದೆ ಕೂತಿದ್ದರು. ಉಪವಾಸ ಮಾಡಿದವರು ತೀರ್ಥ ತೆಗೆದುಕೊಂಡು ಪಾರಣೆ ಮಾಡುವ ಹೊತ್ತು. ನಾನು ಬಾಗಿಲಲ್ಲೇ ನಿಂತೆ. ಉಂಡವಳಿಗೆ ಅಲ್ಲೇನು ಕೆಲಸ?

"ಬಾ" ಎಂದರು. ಉದ್ಧರಣೆಯಲ್ಲಿ ತೀರ್ಥ ಎತ್ತಿ ಹಿಡಿದಿದ್ದರು. "ಮೊದಲು ನೀನು."

"ಅತ್ತೆ, ನೀವು ನೀರೂ ಮುಟ್ಟದೆ..."

"ನನ್ನದು ಅಭ್ಯಾಸ. ನಿನ್ನೆ ಕಷ್ಟದ್ದು ಮಾಡಿದವಳು ನೀನು. ಕೈ ಹಿಡಿ, ನನಗೂ ಹಸಿವಾಗಿದೆ."

ಇನ್ನು ಉಳಿದದ್ದು ಗಣಪತಿಯೊಳಗೆ ಹೊಸ ಕಲ್ಲುಗಳನ್ನು ಹುಡುಕುವುದು. ಒಬ್ಬರದ್ದೇ ನಂಬಿ ಕೆಟ್ಟದ್ದಾಯಿತು, ಈ ಸಲ ಹಲವರು ಬೇಕು ಎಂದರು ಮೇಡಂ. ಆಸ್ಪತ್ರೆಯವರು ಗಾಜಿನ ಮೇಲೆ ಸವರಿ ನೋಡಿ ಒಪ್ಪಿದವರೇ ಆಗಬೇಕು. ಮಳೆಗೆ ಯಾರೂ ಬರುತ್ತಿರಲಿಲ್ಲ. ರಶ್ಮಿಯ ಸಹಪಾಠಿಗಳಲ್ಲಿ ಅರ್ಧ ಜನರಿಗೆ ಜ್ವರ. ನಾನು ಡೊಂಬಿವಲಿಗೆ ಹೋದೆ. ಅಲ್ಲಿ ಸುಮತಿಯಕ್ಕನ ಮನೆಯಲ್ಲಿ ಶುಕ್ರವಾರ ನಮ್ಮ ಭಜನೆ. ಮಂಗಳಾರತಿ ಆದ ಮೇಲೆ, ಪ್ರಸಾದ ಹಂಚುವ ಮೊದಲು ಎದ್ದು ನಿಂತು ಹೇಳಿದೆ. ನಾನು ಎಂದೂ ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ.

ಸುಮತಿಯಕ್ಕ ಪೂರ್ತಿ ಕೇಳಿ ಕಣ್ಣು ಸಣ್ಣ ಮಾಡಿದರು. "ಅಂದರೆ ನಮ್ಮ ರಕ್ತಕ್ಕೆ ಓಟದ ಪಂದ್ಯ ಅನ್ನು."

"ಹಾಗೇ ತಿಳಿಯಿರಿ."

"ನನ್ನದು ನಿಂತುಬಿಟ್ಟರೆ ನನ್ನ ಸೊಸೆಗೆ ಗೊತ್ತಾಗಬಾರದು. ಜಲಜಾ, ದೇವರ ಮುಂದೆ ಮಾತು ಕೊಡು."

"ಯಾರಿಗೂ ಹೇಳುವುದಿಲ್ಲ ಸುಮತಿಯಕ್ಕ. ಅಲ್ಲಿ ಹೆಸರೇ ಬರೆಯುವುದಿಲ್ಲ."

"ಓಡಿದರೆ ಮಾತ್ರ ಬರೆಯಲಿ, ದೊಡ್ಡ ಅಕ್ಷರದಲ್ಲಿ."

ಅವರು ಬಂದರು. ಡೊಂಬಿವಲಿಯಿಂದ ಥಾಣೆಗೆ ಒಂದು ಗಾಡಿ, ಥಾಣೆಯಿಂದ ರಬಾಳೆಗೆ ಇನ್ನೊಂದು. ವ್ರತದ ತಿಂಗಳು, ತರಕಾರಿ ಇಲ್ಲದ ಊಟ, ಕೈಯಲ್ಲಿ ಒದ್ದೆ ಕೊಡೆ. ಆದರೂ ಬಂದರು. ಲ್ಯಾಬಿನ ಹೊರಗೆ ಸಾಲಾಗಿ ಚಪ್ಪಲಿ ಬಿಟ್ಟು ಒಳಗೆ ಹೋದರು. ದೇವಸ್ಥಾನವೆಂದುಕೊಂಡರೋ ಏನೋ, ಯಾರೂ ಹೇಳಿರಲಿಲ್ಲ. ಸೂಜಿ ನೋಡಿ ಒಬ್ಬರು ಕಣ್ಣು ಮುಚ್ಚಿ ಹಾಡಲು ಶುರುಮಾಡಿದರು, ಉಳಿದವರು ದನಿಗೂಡಿಸಿದರು. ಸಿಸ್ಟರು ತಾಳಕ್ಕೆ ತಲೆ ಅಲ್ಲಾಡಿಸುತ್ತಾ ರಕ್ತ ತೆಗೆದರು. ಆ ಕಾರ್ಖಾನೆಗಳ ನಡುವೆ ಅಂಥ ಭಜನೆ ಹಿಂದೆ ಆದದ್ದಿಲ್ಲ, ಮುಂದೆ ಆಗುವುದಿಲ್ಲ.

ಅವರ ಕಣಗಳು ಓಡಿದವು. ಸುಮತಿಯಕ್ಕನದು ಎಲ್ಲರಿಗಿಂತ ಚುರುಕು. ಅದನ್ನು ಅವರ ಸೊಸೆಗೆ ನಾನೇ ಹೇಳಬೇಕಾಯಿತು, ಅವರೇ ಹೇಳಿಸಿದರು.

ಚೌತಿಗೆ ಇನ್ನು ಕೆಲವೇ ದಿನ ಇರುವಾಗ ರಶ್ಮಿ ಕಮಿಟಿಯ ಮುಂದೆ ನಿಂತಳು. ನಾನು ಮನೆಯಲ್ಲಿ ಮೋದಕಕ್ಕೆ ಅಕ್ಕಿ ತೊಳೆದು ನೆರಳಿಗೆ ಹರವುತ್ತಿದ್ದೆ. ಮಧ್ಯಾಹ್ನ ಫೋನು ಬಂತು. "ಅಮ್ಮ, ಒಪ್ಪಿದರು. ವಿಷಯ ಬದಲಿಸುವುದಿಲ್ಲ." ಒಂದೇ ಉಸಿರಿಗೆ ಮುಂದುವರಿಸಿದಳು. "ಒಬ್ಬ ಸರ್ ಕೇಳಿದರು, ಡಿವೈಸ್ ನಂಬುವುದು ಹೇಗೆ ಅಂತ. ನಾನು ನಿನ್ನದೂ ಸುಮತಿಯತ್ತೆಯದೂ ಒಟ್ಟಿಗೆ ತೋರಿಸಿದೆ. ಹೆಸರು ಹೇಳಲಿಲ್ಲ. ಯಾರಿಗೂ ಗೊತ್ತಿಲ್ಲದ ಕಾಯಿಲೆಯನ್ನು ಇದು ಮೊದಲೇ ಹೇಳುತ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ ಅಂದೆ. ಆಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ."

ಅಕ್ಕಿಯ ಮೇಲೆ ಎರಡು ಹನಿ ಬಿತ್ತು. ದೇವರಿಗೆ ಇಡುವ ಅಕ್ಕಿ, ಮತ್ತೆ ತೊಳೆದೆ.

ಅವಳು ಆ ಕೆಲಸ ಮುಗಿಸಿದಳು, ಹೆಸರಿನ ಹಿಂದೆ ಡಾಕ್ಟರ್ ಸೇರಿತು. ಈಗ ಐರೋಲಿಯಲ್ಲಿ ರಕ್ತ ಪರೀಕ್ಷೆಯ ಯಂತ್ರ ಮಾಡುವ ಕಂಪನಿಯಲ್ಲಿದ್ದಾಳೆ. ಅತ್ತೆ ಹೋಗಿ ಕೆಲವು ವರ್ಷವಾಯಿತು. ಏಕಾದಶಿಗೆ ನಾನು ಈಗಲೂ ನೀರು ಮುಟ್ಟುವುದಿಲ್ಲ. ಅಂದು ರಶ್ಮಿ ವಾದ ಮಾಡಿದ್ದೇ ಸರಿಯಾಗಿತ್ತು. ಉಪವಾಸ ಕಣಗಳವರೆಗೆ ಹೋಗಿರಲೇ ಇಲ್ಲ.

ರಬಾಳೆಯಲ್ಲಿ ಗಾಡಿ ನಿಂತ ಆ ಎರಡು ನಿಮಿಷದಲ್ಲಿ ನನಗೆ ನೆನಪಾದದ್ದು ಇದೆಲ್ಲದರ ನಡುವಿನ ಒಂದು ಸಂಜೆ. ಭಜನೆಯವರೆಲ್ಲ ರಿಕ್ಷಾ ಹತ್ತಿದ ಮೇಲೆ ನಾನು ರಶ್ಮಿಯನ್ನು ಕೇಳಿದ್ದೆ, ನನ್ನದನ್ನು ಇನ್ನೊಮ್ಮೆ ತೋರಿಸು, ಪೂರ್ತಿ. ಪ್ರತಿ ಸಲ ನಿಂತದ್ದನ್ನು ನೋಡಿ ನಾವು ಮುಖ ತಿರುಗಿಸಿಬಿಟ್ಟಿದ್ದೆವು, ಆಮೇಲೆ ಏನಾಯಿತೆಂದು ನಾನು ನೋಡಿರಲೇ ಇಲ್ಲ. ಅವಳು ಹಾಕಿದಳು. ದುಂಡಗಿನ ಒಂದು ಕಣ ಕಾಲುವೆಯ ಬಾಯಿಗೆ ಬಂದು ನಿಂತಿತು. ಮಡಚಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹಿಂದೆ ಬೇರೆಯವು ಬಂದು ಸೇರಿದವು. ಅದು ಒಂದಿಷ್ಟು ಒಳಗೆ ಹೋಯಿತು, ನಿಂತಿತು, ಇನ್ನೊಂದಿಷ್ಟು ಹೋಯಿತು. "ಹೋಗು ಮಗಾ, ಹೋಗು" ಎಂದು ನಾನೇ ಗಟ್ಟಿಯಾಗಿ ಹೇಳಿಬಿಟ್ಟೆ. ಕೊನೆಗೆ ಅದು ಇಡೀ ಒಳಗೆ ಸರಿದು, ಕಾಲುವೆಯ ಉದ್ದಕ್ಕೂ ತೆವಳಿ, ಆಚೆ ಬಂತು. ಬಂದು ಮೊದಲಿನ ಹಾಗೆಯೇ ದುಂಡಗೆ ತೇಲಿಕೊಂಡು ಹೋಯಿತು.

"ದಾಟುತ್ತದಲ್ಲ!" ಎಂದೆ.

"ದಾಟುತ್ತದೆ ಅಮ್ಮ" ಎಂದಳು ರಶ್ಮಿ. "ಲೇಟ್ ಆಗುತ್ತದೆ, ಅಷ್ಟೇ."

ಗಾಡಿ ಹೊರಟಿತು. ಮಳೆ ಒಳಗೆ ಹೊಡೆಯುತ್ತದೆಂದು ಎದುರಿನ ಹುಡುಗಿ ಕಿಟಕಿ ಮುಚ್ಚಲಾ ಎಂದು ಕೇಳಿದಳು. ಘನ್ಸೋಲಿ ಬರುವವರೆಗೆ ಬೇಡ ಮಗಾ ಎಂದೆ.